ಘಾಟಿಗೆ ಕರೆಂಟ್ ತಂತಿ ಬಂತು, ಹೊತ್ತು ಉಳಿಯುತ್ತಾ? – ಬೆಂಗಳೂರು–ಮಂಗಳೂರು ರೈಲಿನ ಬಗ್ಗೆ ಒಂದು ಪಂದ್ಯ

ಪುತ್ತೂರಿನವ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸ ಮಾಡುವ ಪುತ್ತೂರಿನವ. ತಿಂಗಳಿಗೆರಡು ಸಲ ರಾತ್ರಿ ರೈಲಲ್ಲಿ ಊರಿಗೆ ಹೋಗುತ್ತೇನೆ. ದೂರ 350 ಕಿಲೋಮೀಟರ್ ಆಸುಪಾಸು. ಹಿಡಿಯುವ ಹೊತ್ತು ಒಂಬತ್ತರಿಂದ ಹತ್ತು ಗಂಟೆ. ರೈಲು ತಡ ಅಂತ ದೂರುತ್ತಿಲ್ಲ, ವೇಳಾಪಟ್ಟಿಯೇ ಹಾಗಿದೆ. ಸರಾಸರಿ ತೆಗೆದರೆ ಗಂಟೆಗೆ 40 ಕೂಡ ಬರುವುದಿಲ್ಲ.

2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಕರೆಂಟ್ ತಂತಿ ಎಳೆದರಲ್ಲ, ಅವತ್ತಿಂದ ನಮ್ಮ ಭಾವ ಒಂದೇ ಮಾತು ಹೇಳುತ್ತಿದ್ದಾನೆ: "ಇನ್ನು ಆರೇ ಗಂಟೆ. ನೋಡ್ತಾ ಇರು." ನಾನು ಆಗುವುದಿಲ್ಲ ಅಂದೆ. ಒಂದು ಪ್ಲೇಟ್ ಕೋರಿ ರೊಟ್ಟಿಗೆ ಪಂದ್ಯ ಕಟ್ಟಿದ್ದೇವೆ. ಆದರೆ ಯಾಕೆ ಆಗುವುದಿಲ್ಲ ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಸುಮ್ನೆ ಹಠಕ್ಕೆ ಹೇಳಿದ್ದು.

ಇನ್ನೊಂದು ಸಣ್ಣ ಪ್ರಶ್ನೆ. ನಡುರಾತ್ರಿ ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ. ಹತ್ತುವವರಿಲ್ಲ, ಇಳಿಯುವವರಿಲ್ಲ, ಮಳೆ ಸದ್ದು ಬಿಟ್ಟರೆ ಏನೂ ಇಲ್ಲ. ಅಲ್ಲಿ ಏನು ಕಾಯುತ್ತಾರೆ?

ಸುಮ್ನೆ ಕೇಳ್ದೆ

ಡ್ರೈವರ್ ಟೀ ಕುಡೀತಾರೆ ಅನ್ಸುತ್ತೆ.

ಹಳೇ ಪೈಲಟ್

ಟೀ ಅಂಗಡಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಾನು ಆ ಘಾಟಿಯಲ್ಲಿ ಇಂಜಿನ್ ಓಡಿಸಿದವನು. ಮೀಟರ್‌ಗೇಜ್, ಅಂದರೆ ಕಿರಿದಾದ ಹಳಿಯ ಕಾಲದಲ್ಲಿ ಅಸಿಸ್ಟೆಂಟ್ ಆಗಿ ಸೇರಿದೆ, ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ. ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಸ್ಕೂಟರಿಗೆ ಅದು ಇಳಿಜಾರೇ ಅಲ್ಲ. ಆದರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ, ಅದೂ ಮಳೆಯಲ್ಲಿ ನೆಂದ ಹಳಿ. ತುಂಬಿದ ಒಂದೊಂದು ವ್ಯಾಗನ್ನೂ 80 ಟನ್ ಮೇಲೆ. ಹತ್ತುವಾಗ ಚಕ್ರ ಜಾರುತ್ತದೆ, ಮರಳು ಬಿಟ್ಟು ಹಿಡಿತ ತರಬೇಕು. ಇಳಿಯುವಾಗಿನ ಭಯವೇ ಬೇರೆ.

ಜನ ಕೇಳುತ್ತಾರೆ, ಇಷ್ಟು ದೊಡ್ಡ ಇಂಜಿನ್ ಇದೆ, 30ರಲ್ಲೇ ಯಾಕೆ ಹೋಗ್ತೀರಿ ಅಂತ. ಘಾಟಿಯಲ್ಲಿ ಇಂಜಿನ್ನಿನ ಶಕ್ತಿಗಿಂತ ಬ್ರೇಕ್ ದೊಡ್ಡದು ಸ್ವಾಮಿ. ಆ ವೇಗ ನಿಗದಿ ಮಾಡಿರುವುದು ಇಳಿಯುವ ರೈಲು ಕೈ ಮೀರಬಾರದು ಅಂತ, ಜೊತೆಗೆ ತಿರುವುಗಳಿಗಾಗಿ. ಇಂಜಿನ್ ಬದಲಾದರೆ ತಿರುವು ನೆಟ್ಟಗಾಗುತ್ತಾ? ಡೀಸೆಲ್ ಹೋಗಿ ಕರೆಂಟ್ ಬಂದರೂ ಬೆಟ್ಟ ಅದೇ ಬೆಟ್ಟ. ಪಂದ್ಯ ನೀವು ಗೆದ್ದಿರಿ ಅಂದುಕೊಳ್ಳಿ.

ಎಡಕುಮೇರಿ ವಿಚಾರಕ್ಕೆ ಬರೋಣ. ಅಲ್ಲಿ ಎರಡು ಕಾರಣಕ್ಕೆ ನಿಲ್ಲಬೇಕಾಗಬಹುದು. ಒಂದು ಕ್ರಾಸಿಂಗ್. ಇರುವುದು ಒಂದೇ ಹಳಿ, ಎದುರಿನ ಗಾಡಿ ಬಂದು ಹೋಗುವ ತನಕ ಕಾಯಲೇಬೇಕು. ಇನ್ನೊಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಘಾಟಿ ಸ್ಟೇಷನ್‌ಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಇರುತ್ತದೆ. ಮೇಲ್ಮುಖವಾಗಿ ಹೋಗಿ ಮುಗಿದುಬಿಡುವ ಒಂದು ಕುರುಡು ಹಳಿ. ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ, ಯಾವಾಗಲೂ ಆ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ರೈಲು ಮೊದಲು ಸಿಗ್ನಲ್ ಮುಂದೆ ನಿಂತು, "ನನ್ನ ಬ್ರೇಕ್ ಸರಿಯಾಗಿದೆ" ಅಂತ ತೋರಿಸಬೇಕು. ಆಮೇಲೇ ದಾರಿ ಬಿಡುವುದು. ಬ್ರೇಕ್ ಕೈಕೊಟ್ಟಿದ್ದರೆ ರೈಲು ಆ ಕುರುಡು ಹಳಿ ಹತ್ತಿ ನಿಲ್ಲುತ್ತದೆ, ಸ್ಟೇಷನ್ನಿನಲ್ಲಿರುವ ಇನ್ನೊಂದು ಗಾಡಿಗೆ ಹೋಗಿ ಗುದ್ದುವುದಿಲ್ಲ. ನೀವು ಕಂಬಳಿ ಹೊದ್ದು ಬೈದುಕೊಳ್ಳುವ ಆ ಐದು ನಿಮಿಷ ಅದೇ.

ಪುತ್ತೂರಿನವ

ಬೈದುಕೊಂಡಿದ್ದು ನಿಜ ಸರ್. ತಪ್ಪಾಯ್ತು 🙏

ಆದರೆ ಭಾವನ ವಾದ ಇನ್ನೂ ಇದೆ. ವಂದೇ ಭಾರತ್ ಬಿಟ್ಟರೆ? ಅದು 160ರಲ್ಲಿ ಓಡುತ್ತೆ ಅಲ್ವಾ?

ಹಳೇ ಪೈಲಟ್

ಓಡಬಲ್ಲದು. ಎಲ್ಲಿ ಅನ್ನುವುದು ಪ್ರಶ್ನೆ. 160ರಲ್ಲಿ ಓಡಲು ಹಳಿ, ಸಿಗ್ನಲ್, ಬೇಲಿ ಎಲ್ಲವೂ 160ರದ್ದಾಗಿರಬೇಕು. ಮೈಸೂರು–ಬೆಂಗಳೂರು–ಚೆನ್ನೈ ವಂದೇ ಭಾರತ್ 2022ರ ನವೆಂಬರ್‌ನಲ್ಲಿ ಬಂತು, ದಕ್ಷಿಣಕ್ಕೆ ಅದೇ ಮೊದಲನೆಯದು. ಅದರಲ್ಲಿ ಕೂತು ನೋಡಿ, ಊರು ದಾಟುವಾಗ, ತಿರುವಿನಲ್ಲಿ ಎಲ್ಲರಂತೆ ಅದೂ ತಲೆ ತಗ್ಗಿಸಿಯೇ ಹೋಗುತ್ತದೆ.

ಆದರೆ ನಿಮ್ಮ ಭಾವನಿಗೆ ಒಂದು ಅಂಕ ಕೊಡಲೇಬೇಕು. ಮಾಮೂಲಿ ರೈಲಿನಲ್ಲಿ ಎಳೆಯುವುದು ಮುಂದಿನ ಇಂಜಿನ್ ಒಂದೇ. ಅದಕ್ಕೇ ಘಾಟಿ ಹತ್ತಲು ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಬೇಕು. ಗೂಡ್ಸ್ ಆದರೆ ಹಿಂದೆ ಎರಡು, ಕೆಲವೊಮ್ಮೆ ಮೂರು. ಅವನ್ನು ಜೋಡಿಸಬೇಕು, ಬ್ರೇಕ್ ಪರೀಕ್ಷೆ ಮಾಡಬೇಕು, ಮೇಲೆ ಹೋದ ಮೇಲೆ ಬಿಚ್ಚಬೇಕು, ಮತ್ತೆ ಖಾಲಿ ಇಳಿಸಬೇಕು. ವಂದೇ ಭಾರತ್‌ನಲ್ಲಿ ಮೋಟಾರ್ ಅರ್ಧದಷ್ಟು ಬೋಗಿಗಳ ಕೆಳಗೆ ಹಂಚಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಮುಂಬೈನಿಂದ ಸೋಲಾಪುರಕ್ಕೆ, ಶಿರಡಿಗೆ ಬಿಟ್ಟ ರೈಲುಗಳು ಭೋರ್ ಘಾಟಿಯನ್ನೂ ಥಲ್ ಘಾಟಿಯನ್ನೂ ಬ್ಯಾಂಕರ್ ಇಲ್ಲದೆ ಹತ್ತಿದವು. ಅಲ್ಲಿ ಏರು 37ಕ್ಕೆ 1, ನಮ್ಮದಕ್ಕಿಂತ ಕಡಿದು. ಹಾಗಾಗಿ ನಮ್ಮ ಘಾಟಿ ಅದಕ್ಕೆ ಕಷ್ಟವೇ ಅಲ್ಲ. ಜೋಡಿಸುವ, ಬಿಚ್ಚುವ ಹೊತ್ತು ಉಳಿಯುತ್ತದೆ. ಘಾಟಿಯೊಳಗೆ ಮಾತ್ರ ಅದೇ 30.

ತಂತಿಯಿಂದ ನನಗೆ ಖುಷಿ ಕೊಟ್ಟ ವಿಷಯ ಬೇರೆ. ಡೀಸೆಲ್ ಇಂಜಿನ್ ಇಳಿಯುವಾಗ ಮೋಟಾರನ್ನೇ ಬ್ರೇಕ್ ಮಾಡಿಕೊಳ್ಳುತ್ತದೆ. ಆಗ ಹುಟ್ಟುವ ಕರೆಂಟನ್ನು ಇಂಜಿನ್ ಛಾವಣಿ ಮೇಲಿನ ಗ್ರಿಡ್ ಅನ್ನುವ ಹೀಟರಿನಂಥ ಚೌಕಟ್ಟಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುತ್ತಿದ್ದೆವು. ಅಷ್ಟೂ ದಂಡ. ಈಗಿನ ಎಲೆಕ್ಟ್ರಿಕ್ ಇಂಜಿನ್ ಆ ಕರೆಂಟನ್ನು ತಂತಿಗೇ ವಾಪಸ್ ಕೊಡುತ್ತದೆ. ಕೆಳಗಿಳಿಯುವ ಗಾಡಿ ಮೇಲೆ ಹತ್ತುವ ಗಾಡಿಗೆ ಕೈ ನೀಡಿದ ಹಾಗೆ. ಇನ್ನು ಸುರಂಗದೊಳಗಿನ ಹೊಗೆ! ಬ್ಯಾಂಕರ್ ಕ್ಯಾಬಿನ್ನಿನಲ್ಲಿ ಕೂತವನಿಗೆ ಮುಂದಿನ ಇಂಜಿನ್ನುಗಳ ಹೊಗೆಯೆಲ್ಲ ಪ್ರಸಾದ. ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದೆವು. ಈಗಿನ ಹುಡುಗರಿಗೆ ಅದು ತಪ್ಪಿತಲ್ಲ, ಅಷ್ಟು ಸಾಕು.

ಕೀಮನ್ ಮಗಳು

ಪೈಲಟ್ ಸರ್ ಬರೆದಿದ್ದು ಓದಿ ಅಪ್ಪ ನೆನಪಾದರು. ಅಪ್ಪ ಇದೇ ಲೈನಿನಲ್ಲಿ ಕೀಮನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೀಮನ್ ಅಂದರೆ ದಿನಾ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಡುವ ಕೀಲಿ ಸಡಿಲವಾಗಿದ್ದರೆ ಸುತ್ತಿಗೆಯಲ್ಲಿ ಬಡಿದು ಕೂರಿಸುವವನು. ಹಳಿ ಬಿರುಕು ಬಿಟ್ಟಿದೆಯಾ, ಜಲ್ಲಿ ಜರುಗಿದೆಯಾ ಅಂತ ಕಣ್ಣಲ್ಲೇ ನೋಡುವವನು. ಮಳೆಗಾಲದಲ್ಲಿ ರಾತ್ರಿ ಪೆಟ್ರೋಲಿಂಗ್ ಬೇರೆ. ಕೈಯಲ್ಲಿ ಟಾರ್ಚ್, ಹೆಗಲ ಚೀಲದಲ್ಲಿ ಡಿಟೋನೇಟರ್. ಗುಡ್ಡ ಜರಿದಿದ್ದು ಕಂಡರೆ ಓಡಿಹೋಗಿ ಅದನ್ನು ಹಳಿಗೆ ಕಟ್ಟಬೇಕು. ಚಕ್ರ ಹತ್ತಿದೊಡನೆ ಪಟಾಕಿ ತರ ಸಿಡಿಯುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ. ಜಿಗಣೆ ಲೆಕ್ಕಕ್ಕಿಲ್ಲ. ಆನೆ ಲೆಕ್ಕಕ್ಕಿತ್ತು.

ನಾನು ಚಿಕ್ಕವಳಿದ್ದಾಗ ಆ ಲೈನೇ ನಿಂತುಹೋಗಿತ್ತು. 1996ರಲ್ಲಿ ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕುತ್ತೇವೆ ಅಂತ ಮುಚ್ಚಿದರು. ಗೂಡ್ಸ್ ರೈಲು ಬಂದಿದ್ದು 2006ರಲ್ಲಿ. ಜನರನ್ನು ಹೊತ್ತ ರೈಲಿಗೆ ಸುರಕ್ಷತಾ ಕಮಿಷನರ್ ಒಪ್ಪಿಗೆ ಸಿಗಲು ಇನ್ನೂ ಹೊತ್ತಾಯಿತು. ಕೊನೆಗೆ 2007ರ ಡಿಸೆಂಬರ್. ಹನ್ನೊಂದು ವರ್ಷ! ನನ್ನ ತಮ್ಮ ಹುಟ್ಟಿದ್ದು 96ರಲ್ಲಿ. ರೈಲ್ವೆ ಕ್ವಾರ್ಟರ್ಸಿನಲ್ಲೇ ಬೆಳೆದ, ಮನೆ ಮುಂದೆ ಪ್ಯಾಸೆಂಜರ್ ರೈಲು ನೋಡಿದ್ದು ಆರನೇ ಕ್ಲಾಸಿನಲ್ಲಿ. ಅಷ್ಟೂ ವರ್ಷ ಶಿರಾಡಿ ಘಾಟಿಯ ಗುಂಡಿಗಳೇ ಗತಿ.

ಗೇಜ್ ಬದಲಾವಣೆ ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ "ಆಧುನೀಕರಣ" ಅಂತ ಪೇಪರಿನಲ್ಲಿ ಓದಿದಾಗ ನನಗೆ ಮೊದಲು ನೆನಪಾಗುವುದು ರೈಲಿಲ್ಲದ ಆ ಹನ್ನೊಂದು ವರ್ಷ.

ಹಸಿರು ಹಾದಿ

ಆ ಹನ್ನೊಂದು ವರ್ಷ ನಮಗೆ ಸ್ವರ್ಗ! ಕಾಲೇಜಿನಲ್ಲಿದ್ದಾಗ ಹಳಿ ಮೇಲೆ ಟ್ರೆಕ್ ಮಾಡುತ್ತಿದ್ದೆವು. ಸೇತುವೆ, ಸುರಂಗ, ಬಾವಲಿ, ಜಲಪಾತ. ಬೆಂಗಳೂರಿನ ಅರ್ಧ ಟ್ರೆಕ್ಕರ್‌ಗಳು ಶುರು ಮಾಡಿದ್ದೇ ಅಲ್ಲಿ. ಈಗ ಯಾಕೆ ಬಿಡುವುದಿಲ್ಲ?

ಕೀಮನ್ ಮಗಳು

ಯಾಕೆಂದರೆ ಈಗ ರೈಲು ಬರುತ್ತದೆ.

ಹಸಿರು ಹಾದಿ

ಸರಿ ಸರಿ 😅 ಕೇಳಿದ್ದು ತಪ್ಪಾಯ್ತು.

ಇತಿಹಾಸದ ಮೇಷ್ಟ್ರು

ಗೇಜ್ ವಿಷಯ ಬಂದಿದ್ದಕ್ಕೆ ಎರಡು ಮಾತು. ಎರಡು ಅಂದರೂ ನಾನು ಮೇಷ್ಟ್ರು, ಸ್ವಲ್ಪ ಜಾಸ್ತಿಯೇ ಆಗುತ್ತದೆ.

1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು ಬ್ರಾಡ್‌ಗೇಜ್ ಮೇಲೆ. ಎರಡು ಹಳಿಗಳ ನಡುವೆ 1,676 ಮಿಲಿಮೀಟರ್. 1870ರ ಹೊತ್ತಿಗೆ ಬ್ರಿಟಿಷರಿಗೆ ಖರ್ಚು ಜಾಸ್ತಿ ಅನಿಸಿತು. ವೈಸರಾಯ್ ಮೇಯೋ ಕಾಲದಲ್ಲಿ ಮೀಟರ್‌ಗೇಜ್ ತಂದರು, ಸರಿಯಾಗಿ 1,000 ಮಿಲಿಮೀಟರ್. ಅವತ್ತು ಉಳಿಸಿದ ದುಡ್ಡಿಗೆ ಮುಂದೆ ನೂರು ವರ್ಷ ಬಡ್ಡಿ ಕಟ್ಟಿದ್ದೇವೆ. ಗೇಜ್ ಬದಲಾಗುವ ಪ್ರತಿ ಸ್ಟೇಷನ್ನಿನಲ್ಲೂ ಮೂಟೆಗಳನ್ನು ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಬೆಂಗಳೂರಿನಲ್ಲೇ ನೋಡಿ. ಮದ್ರಾಸಿನ ಕಡೆ ಬ್ರಾಡ್‌ಗೇಜ್, ಮೈಸೂರು–ಹುಬ್ಬಳ್ಳಿ ಕಡೆ ಮೀಟರ್‌ಗೇಜ್. ಒಂದೇ ಊರು, ಎರಡು ಲೋಕ.

ಮಂಗಳೂರಿನದು ಇನ್ನೂ ತಮಾಷೆ. ಕೇರಳದ ಕಡೆಯಿಂದ ಅಲ್ಲಿಗೆ ರೈಲು ಬಂದಿದ್ದು 1907ರಲ್ಲಿ. ಹಾಸನದಿಂದ ಘಾಟಿ ಇಳಿದು ಬಂದಿದ್ದು 1979ರಲ್ಲಿ. ಅಂದರೆ 72 ವರ್ಷ ಮಂಗಳೂರಿನವರು ರೈಲಲ್ಲಿ ಮದ್ರಾಸಿಗೆ ಹೋಗಬಹುದಿತ್ತು, ಬೆಂಗಳೂರಿಗೆ ನೆಟ್ಟಗೆ ಬರಲು ಆಗುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಘಾಟಿ ಕೊರೆದು ಹಾಕಿದ್ದೂ ಮೀಟರ್‌ಗೇಜೇ. ಹದಿನೇಳು ವರ್ಷ ಓಡಿಸಿ ಮತ್ತೆ ಕಿತ್ತರು. ಬ್ರಾಡ್‌ಗೇಜ್ ಬೋಗಿಗೆ ಜಾಗ ಸಾಲದ ಕಡೆ ಸುರಂಗ, ಸೇತುವೆ ಎಲ್ಲವನ್ನೂ ಮತ್ತೆ ಮುಟ್ಟಬೇಕಾಯಿತು. ಮಗಳು ಬರೆದ ಹನ್ನೊಂದು ವರ್ಷದ ಬೇರು ಅಲ್ಲಿದೆ.

ಆದರೆ ಮೀಟರ್‌ಗೇಜ್ ಎಲ್ಲವನ್ನೂ ಬ್ರಾಡ್‌ಗೇಜ್ ಮಾಡುವ ಯೂನಿಗೇಜ್ ಯೋಜನೆಯನ್ನು ಬೈಯುವವರ ಜೊತೆ ನಾನಿಲ್ಲ. 1992ರ ಏಪ್ರಿಲ್‌ನಲ್ಲಿ ಅದು ಶುರುವಾದಾಗ ದೇಶದಲ್ಲಿ ಮೀಟರ್‌ಗೇಜ್ 20 ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಇತ್ತು. ಆಗ ರೈಲ್ವೆ ಮಂತ್ರಿ ಸಿ.ಕೆ. ಜಾಫರ್ ಷರೀಫ್, ಚಳ್ಳಕೆರೆಯವರು. ಅದಕ್ಕೆ ಮುಂಚೆ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರು, ಕೊಂಕಣ ರೈಲ್ವೆಗೆ ಬೆನ್ನು ಕೊಟ್ಟವರು. ಹಳೆ ಲೈನ್ ಅಗಲ ಮಾಡಿದ್ದರಲ್ಲೂ ಹೊಸ ಲೈನ್ ಹಾಕಿದ್ದರಲ್ಲೂ ನಮ್ಮವರ ಕೈ ಇದೆ. ಯಲಹಂಕದಲ್ಲಿ ರೈಲಿನ ಗಾಲಿ ಎರಕ ಹೊಯ್ಯುವ ಕಾರ್ಖಾನೆ 1984ರಿಂದ ಇದೆ. ದೇಶದ ಯಾವುದೋ ಮೂಲೆಯಲ್ಲಿ ಓಡುವ ಬೋಗಿ ನಮ್ಮ ಯಲಹಂಕದ ಗಾಲಿ ಮೇಲೆ ನಿಂತಿರಬಹುದು.

ವಿಷಯಾಂತರ ಅನ್ನಬೇಡಿ, ಇದೊಂದು ಹೇಳಲೇಬೇಕು. ಮೈಸೂರು ಲೈನ್ ಡಬಲ್ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಒಡೆಯುವ ಹಾಗಿಲ್ಲ, ಬಿಟ್ಟರೆ ಹಳಿ ಹೋಗುವುದಿಲ್ಲ. ಕೊನೆಗೆ 2017ರಲ್ಲಿ ಸುಮಾರು 1,000 ಟನ್ನಿನ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ನನ್ನ ವಿದ್ಯಾರ್ಥಿಗಳಿಗೆ ಹೇಳಿದರೆ ನಂಬುವುದಿಲ್ಲ.

ಬೀದರ್ ಮಂದಿ

ಯಾವಾಗ ನೋಡಿದರೂ ಘಾಟಿ, ಮಳೆ, ಸುರಂಗ. ಬಯಲಲ್ಲಿ ಇರುವವರ ಕತೆ ಯಾರೂ ಕೇಳುವುದಿಲ್ಲ ಅಲ್ವಾ?

ನಮಗೆ ಬೆಟ್ಟವೂ ಅಡ್ಡ ಇಲ್ಲ, ಆನೆಯೂ ಇಲ್ಲ. ಆದರೂ ಬೀದರ್‌ನಿಂದ ಕಲಬುರಗಿಗೆ ನೇರ ರೈಲು ಬಂದಿದ್ದು 2017ರ ಅಕ್ಟೋಬರ್‌ನಲ್ಲಿ. 110 ಕಿಲೋಮೀಟರ್ ಲೈನ್, ಮುಗಿಯಲು ಎರಡು ದಶಕ ಬೇಕಾಯಿತು. ಅದಕ್ಕೆ ಮುಂಚೆ ರೈಲಲ್ಲೇ ಹೋಗುತ್ತೇನೆ ಅಂದರೆ ತೆಲಂಗಾಣದ ವಿಕಾರಾಬಾದ್‌ಗೆ ಹೋಗಿ, ಅಲ್ಲಿಂದ ವಾಡಿ ಮೇಲೆ ಸುತ್ತಿ ಬರಬೇಕಿತ್ತು. ಪಕ್ಕದ ಜಿಲ್ಲೆಗೆ ಪಕ್ಕದ ರಾಜ್ಯದ ಮೇಲೆ ದಾರಿ. ಕುಷ್ಟಗಿಯವರು ಮೊದಲ ರೈಲು ನೋಡಿದ್ದು 2025ರಲ್ಲಿ, ಗದಗ–ವಾಡಿ ಲೈನಿನ ಒಂದು ತುಂಡು ಮುಗಿದಾಗ. ಉಳಿದ ತುಂಡು ಯಾವಾಗ ಕೂಡುತ್ತದೋ.

ನಿಮ್ಮ ಕಡೆ ಒಂಬತ್ತು ಗಂಟೆಯನ್ನು ಆರು ಮಾಡುವ ಮಾತು. ನಮ್ಮ ಕಡೆ ಇನ್ನೂ ಹಳಿ ಬೀಳಲಿ ಅನ್ನುವ ಮಾತು. ಹುಬ್ಬಳ್ಳಿಯಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಮಾಡಿದರು, ಜಗತ್ತಿಗೇ ಉದ್ದದ್ದಂತೆ. ಸಂತೋಷ. ಆದರೆ ಪ್ಲಾಟ್‌ಫಾರ್ಮ್ ಎಷ್ಟು ಉದ್ದವಾದರೂ ಕುಷ್ಟಗಿ ತನಕ ಬರುವುದಿಲ್ಲವಲ್ಲ 😄

ಒಂದು ಮಾತ್ರ ನಮ್ಮ ಕಡೆ ಮೊದಲು ಬಂತು, ಹೇಳಿಕೊಳ್ಳುತ್ತೇನೆ. ಎರಡು ರೈಲು ಡಿಕ್ಕಿ ಆಗದ ಹಾಗೆ ತಾನೇ ಬ್ರೇಕ್ ಹಾಕುವ ಕವಚ್ ಇದೆಯಲ್ಲ, ಅದನ್ನು ಮೊದಮೊದಲು ಓಡಿಸಿ ನೋಡಿದ್ದು ವಿಕಾರಾಬಾದ್, ವಾಡಿ, ಬೀದರ್ ಸುತ್ತಿನ ಲೈನುಗಳಲ್ಲೇ. ಹಳಿ ನಡುವೆ ಸಣ್ಣ ಟ್ಯಾಗ್, ಸ್ಟೇಷನ್ನಿನಲ್ಲಿ ರೇಡಿಯೋ ಟವರ್, ಇಂಜಿನ್ನಿನಲ್ಲಿ ಕಂಪ್ಯೂಟರ್. ಸಿಗ್ನಲ್ ಕೆಂಪಿದ್ದಾಗ ಡ್ರೈವರ್ ನಿಲ್ಲಿಸದಿದ್ದರೆ ಅದು ನಿಲ್ಲಿಸುತ್ತದೆ. ಪ್ರಯೋಗಕ್ಕೆ ನಾವು, ಉದ್ಘಾಟನೆಗೆ ಬೇರೆಯವರು. ಇರಲಿ.

ಪುತ್ತೂರಿನವ

ಬೀದರ್ ಅಣ್ಣ, ನೀವು ಹೇಳಿದ್ದಕ್ಕೆ ನಾಚಿಕೆ ಆಯ್ತು. ವಿಕಾರಾಬಾದ್ ಸುತ್ತಿ ಹೋಗುವುದು ನನಗೆ ಗೊತ್ತೇ ಇರಲಿಲ್ಲ.

ಜ್ಯೂರಿಕ್‌ನಿಂದ

57 ಸುರಂಗ ಅಂತ ಓದಿ ನಗು ಬಂತು. ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗೋಟ್ಹಾರ್ಡ್ ಬೇಸ್ ಸುರಂಗ ಇದೆ. ಒಂದೇ ಸುರಂಗ, ಉದ್ದ 57 ಕಿಲೋಮೀಟರ್. ನಮ್ಮೂರ ಇಡೀ ಘಾಟಿ ಅದರೊಳಗೆ ಹೋಗಿ ಇನ್ನೂ ಜಾಗ ಉಳಿಯುತ್ತದೆ. 2016ರ ಜೂನ್‌ನಲ್ಲಿ ತೆರೆದರು. ಹಳೆ ಲೈನ್ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತುತ್ತಿತ್ತು, ಹೊಸದು ಬುಡದಲ್ಲೇ ನೆಟ್ಟಗೆ ತೂರಿಹೋಗುತ್ತದೆ. ಪೈಲಟ್ ಸರ್ ಹೇಳಿದ ಕರೆಂಟ್ ವಾಪಸ್ ಕೊಡುವ ಇಂಜಿನ್‌ಗಳು ಗೋಟ್ಹಾರ್ಡ್ ಏರಿನಲ್ಲಿ 1920ರ ದಶಕದಲ್ಲೇ ಓಡುತ್ತಿದ್ದವು.

ನಾನು ಸಕಲೇಶಪುರದವಳು. ಇಲ್ಲಿಗೆ ಬಂದ ಹೊಸತರಲ್ಲಿ ಇಲ್ಲಿಯ ರೈಲೆಲ್ಲ ಬುಲೆಟ್ ತರ ಇರಬಹುದು ಅಂದುಕೊಂಡಿದ್ದೆ. ಹಾಗೇನಿಲ್ಲ. ದೇಶದ ಬಹುಪಾಲು ಲೈನುಗಳಲ್ಲಿ ಸಾಧಾರಣ ವೇಗವೇ. ಆದರೆ ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷಕ್ಕೆ ರೈಲಿದ್ದರೆ ಎಂಟು ಗಂಟೆ ಎರಡು ನಿಮಿಷಕ್ಕೂ ಇದೆ, ಒಂಬತ್ತಕ್ಕೂ ಇದೆ, ರಾತ್ರಿ ತನಕ ಹಾಗೇ. 1982ರಿಂದ ಇದೇ ಪದ್ಧತಿ. ವೇಳಾಪಟ್ಟಿ ನೋಡುವುದನ್ನೇ ಜನ ಮರೆತಿದ್ದಾರೆ. ಇಳಿದ ಕಡೆ ಮುಂದಿನ ರೈಲು, ಬಸ್ಸು ಕಾದಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಬರ್ನ್ ಮತ್ತು ಜ್ಯೂರಿಕ್ ನಡುವೆ ಒಂದು ಗಂಟೆಗಿಂತ ತುಸು ಜಾಸ್ತಿ ಹಿಡಿಯುತ್ತಿತ್ತು. ಅದನ್ನು ಒಂದು ಗಂಟೆಯೊಳಗೆ ತರಲು ಹೊಸ ಲೈನ್ ಹಾಕಿ 2004ರಲ್ಲಿ ತೆರೆದರು. ಅರ್ಧ ಗಂಟೆಯಲ್ಲಿ ಹೋಗೋಣ ಅನ್ನುವ ಹುಚ್ಚಿಗೆ ಬೀಳಲಿಲ್ಲ. ಗಂಟೆಯೊಳಗೆ ಬಂದರೆ ಎರಡೂ ಊರಿನಲ್ಲಿ ಎಲ್ಲ ದಿಕ್ಕಿನ ರೈಲುಗಳು ಒಂದೇ ಹೊತ್ತಿಗೆ ಕೂಡುತ್ತವೆ, ಅದಕ್ಕೆ ಎಷ್ಟು ವೇಗ ಬೇಕೋ ಅಷ್ಟು. ಮೊದಲು ವೇಳಾಪಟ್ಟಿ ಬರೆದರು, ಆಮೇಲೆ ಹಳಿ ಹಾಕಿದರು. ನಮ್ಮಲ್ಲಿ ರೈಲು ಮೊದಲು ಉದ್ಘಾಟನೆ ಆಗುತ್ತದೆ, ಅದಕ್ಕೆ ದಾರಿ ಎಲ್ಲಿ ಅಂತ ಆಮೇಲೆ ಹುಡುಕುತ್ತಾರೆ.

ಸುಮ್ನೆ ಕೇಳ್ದೆ

ಅವರ ಹತ್ರ ದುಡ್ಡಿದೆ ಮೇಡಂ. ನಮ್ಮ ಹತ್ರ ಜನ ಇದ್ದಾರೆ.

ಜ್ಯೂರಿಕ್‌ನಿಂದ

ಸುರಂಗಕ್ಕೆ ದುಡ್ಡು ಬೇಕು, ಒಪ್ಪಿದೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲು ಇಳಿದ ಹೊತ್ತಿಗೆ ಕುಕ್ಕೆಗೆ ಒಂದು ಬಸ್ಸು ನಿಂತಿರಲು ಎಷ್ಟು ದುಡ್ಡು ಬೇಕು?

ಲೆಕ್ಕದ ಮನುಷ್ಯ

ಮಾತು ಸಾಕು, ಲೆಕ್ಕ ಮಾಡೋಣ. ನಾನು ರೈಲ್ವೆಯವನಲ್ಲ, ರೈಲಿನ ಹುಚ್ಚ ಅಷ್ಟೇ.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಅಂದರೆ 55 ಕಿಲೋಮೀಟರ್ ಐದು ತುಂಡಾಗಿದೆ. ತುಂಡಿಗೆ ಸರಾಸರಿ 11. ಒಂದು ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು, ಇದು ನಿಯಮ. 30ರ ವೇಗದಲ್ಲಿ 11 ಕಿಲೋಮೀಟರಿಗೆ 22 ನಿಮಿಷ. ನಿಂತು ಬ್ರೇಕ್ ತೋರಿಸಿ, ಲೈನ್ ಕ್ಲಿಯರ್ (ಮುಂದಿನ ತುಂಡಿಗೆ ಹೋಗಲು ಅನುಮತಿ) ಪಡೆದು ಹೊರಡುವುದನ್ನೂ ಸೇರಿಸಿ ಅರ್ಧ ಗಂಟೆ ಹಿಡಿಯಿರಿ. ಹಾಗಾದರೆ ಗಂಟೆಗೆ ಎರಡು ರೈಲು, ಮೇಲೆ ಒಂದು ಕೆಳಗೆ ಒಂದು. ದಿನಕ್ಕೆ ಕಾಗದದ ಮೇಲೆ 48. ಅದರಲ್ಲಿ ಖಾಲಿ ಇಳಿಯುವ ಬ್ಯಾಂಕರ್‌ಗಳನ್ನು ಕಳೆಯಿರಿ. ಹಳಿ ರಿಪೇರಿಗೆ ಬಿಡುವ ಹೊತ್ತು ಕಳೆಯಿರಿ. ಉದ್ದದ ತುಂಡಿನಲ್ಲಿ ಸರಾಸರಿಗಿಂತ ಜಾಸ್ತಿ ಹಿಡಿಯುವುದನ್ನು ಕಳೆಯಿರಿ. ಪಣಂಬೂರು ಬಂದರಿನಿಂದ ಬರುವ ಕಲ್ಲಿದ್ದಲು, ಗೊಬ್ಬರ, ಕಂಟೇನರ್ ಗಾಡಿಗಳಿಗೆ ಜಾಗ ಬಿಡಿ. ಉಳಿದಿದ್ದರಲ್ಲಿ ನಮ್ಮ ರೈಲು.

ಇನ್ನೊಂದು ಕ್ರಾಸಿಂಗ್ ಸ್ಟೇಷನ್ ಮಾಡಿ ಅನ್ನುವುದು ಸುಲಭ. ಒಂದು ಇಡೀ ಗೂಡ್ಸ್ ನಿಲ್ಲುವಷ್ಟು ಉದ್ದದ ಸಮತಟ್ಟು ಜಾಗ ಆ ಬೆಟ್ಟದಲ್ಲಿ ಎಲ್ಲಿದೆ? ಅದಕ್ಕೇ ಪ್ರಯಾಣದ ಹೊತ್ತಿಗಿಂತ ರೈಲಿನ ಸಂಖ್ಯೆ ದೊಡ್ಡ ಸಮಸ್ಯೆ ಅಂತ ನನ್ನ ಅಭಿಪ್ರಾಯ. ಹಬ್ಬಕ್ಕೆ ಟಿಕೆಟ್ ಸಿಗದಿರುವುದು 30ರ ವೇಗದಿಂದಲ್ಲ, ಆ ಐದು ತುಂಡಿನಿಂದ. ವಿದ್ಯುದೀಕರಣ ಶೇಕಡಾ ಇಷ್ಟಾಯಿತು ಅಂತ ಬೋರ್ಡ್ ಹಾಕುವುದು ಸುಲಭ. ಈ ಲೆಕ್ಕ ಬೋರ್ಡಿನಲ್ಲಿ ಹಿಡಿಸುವುದಿಲ್ಲ.

ಘಾಟಿಯನ್ನೇ ಬೈಯುತ್ತ ಕೂರುವುದೂ ಸರಿಯಲ್ಲ. ಉಳಿದ 300 ಕಿಲೋಮೀಟರ್ ನೋಡಿ. ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳ ಮೇಲೆ ಹಾಸನಕ್ಕೆ 2017ರಲ್ಲಿ ಹೊಸ ಲೈನ್ ಬಂತು. ಅದಕ್ಕೆ ಮುಂಚೆ ಅರಸೀಕೆರೆ ಸುತ್ತಬೇಕಿತ್ತು, ಇಲ್ಲ ಮೈಸೂರು. ಆ ಲೈನೂ ಒಂಟಿ ಹಳಿ. ಅಲ್ಲಿ ಬೆಟ್ಟ ಇಲ್ಲ, ತಿರುವು ಕಡಿಮೆ. ಡಬಲ್ ಮಾಡಿದರೆ ಒಂದು ಗಂಟೆಗೂ ಜಾಸ್ತಿ ಅಲ್ಲೇ ಉಳಿಯುತ್ತದೆ ಅಂತ ನನ್ನ ಅಂದಾಜು.

ಕೊನೆಗೆ ಮಂಗಳೂರು. ಪಡೀಲ್ ತನಕ ನೈಋತ್ಯ ರೈಲ್ವೆ, ಊರಿನ ಸ್ಟೇಷನ್‌ಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ತೋಕೂರು ದಾಟಿದರೆ ಕೊಂಕಣ ರೈಲ್ವೆ. ಮೂರು ಮನೆಗೆ ಒಂದೇ ಅಂಗಳ. ಒಂದು ರೈಲನ್ನು ಸ್ವಲ್ಪ ಮುಂದಕ್ಕೆ ಎಳೆಯಬೇಕೆಂದರೂ ಮೂವರೂ ಹ್ಞೂಂ ಅನ್ನಬೇಕು.

ಹಳೇ ಪೈಲಟ್

ಲೆಕ್ಕ ಸರಿಯಾಗಿದೆ. ರೈಲ್ವೆಗೆ ಯಾಕೆ ಸೇರಲಿಲ್ಲ ನೀವು?

ಒಂದೇ ತಿದ್ದುಪಡಿ. ಮಳೆಗಾಲದ ಲೆಕ್ಕ ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಘಾಟಿ ವಾರಗಟ್ಟಲೆ ಬಂದ್ ಆಯಿತು. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿ ಕೆಳಗಿನ ಮಣ್ಣೇ ಕೊಚ್ಚಿಹೋಯಿತು. ಅಲ್ಲಿಗೆ ಸರಿಯಾದ ರಸ್ತೆ ಇಲ್ಲ. ಕಲ್ಲು, ಮರಳಿನ ಚೀಲ, ಜನ, ಊಟ ಎಲ್ಲವೂ ರೈಲಿನಲ್ಲೇ ಹೋಗಬೇಕು. ಆಗ ದಿನಕ್ಕೆ 48 ಅಲ್ಲ, ಸೊನ್ನೆ.

ಕೀಮನ್ ಮಗಳು

ಕೊಂಕಣ ಲೈನಿನಲ್ಲಿ ಗುಡ್ಡಕ್ಕೆ ಉಕ್ಕಿನ ಬಲೆ ಹೊದಿಸಿದ್ದಾರೆ, ಬಂಡೆ ಉರುಳದ ಹಾಗೆ. ನಮ್ಮ ಕಡೆಯೂ ಜಾಸ್ತಿ ಹಾಕಲಿ. ವಂದೇ ಭಾರತ್ ಫೋಟೋಗೆ ಚೆನ್ನಾಗಿರುತ್ತದೆ, ಬಲೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ಪುತ್ತೂರಿನವ

ಮೊನ್ನೆ ಊರಿಗೆ ಹೋಗಿದ್ದೆ. ಈ ಮಾತುಕತೆ ಎಲ್ಲ ಭಾವನಿಗೆ ಫೋನಿನಲ್ಲಿ ತೋರಿಸಿದೆ. ಪೂರ್ತಿ ಓದಿದ. ಸೋಲು ಒಪ್ಪಲಿಲ್ಲ. "ಆರು ಗಂಟೆ ಬೇಡ ಬಿಡು, ಹಾಸನ ತನಕ ಡಬಲ್ ಆದರೆ ಎಂಟಕ್ಕೆ ಬರುತ್ತೆ, ಅದಕ್ಕೆ ಕಟ್ಟು ಪಂದ್ಯ" ಅಂದ. ಕೋರಿ ರೊಟ್ಟಿ ಮಾತ್ರ ಅವನೇ ಕೊಡಿಸಿದ.

ಹೋಗುವಾಗ ಎಡಕುಮೇರಿಯಲ್ಲಿ ಎಚ್ಚರ ಆಯ್ತು. ಮೊದಲು ಸ್ಟೇಷನ್ ಹೊರಗೆ ಒಂದು ಸಲ ನಿಂತಿತು, ಆಮೇಲೆ ಮೆಲ್ಲಗೆ ಒಳಗೆ ಬಂತು. ಬಾಗಿಲ ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಗೂಡ್ಸ್ ಬಂತು, ನಡೆಯುವ ವೇಗದಲ್ಲಿ. ವ್ಯಾಗನ್ ಎಣಿಸಲು ಹೋಗಿ ಎಲ್ಲೋ ತಪ್ಪಿತು. ಬ್ಯಾಂಕರ್ ತಪ್ಪಲಿಲ್ಲ, ಎರಡಿದ್ದವು. ಹಿಂದಿನದರ ಕ್ಯಾಬಿನ್ನಿನಲ್ಲಿ ಸಣ್ಣ ದೀಪ ಇತ್ತು. ಒಬ್ಬರು ಕಿಟಕಿಯಿಂದ ಕೈ ಹೊರಗೆ ಹಾಕಿ ನಮ್ಮ ಸ್ಟೇಷನ್ ಮಾಸ್ಟರ್‌ಗೆ ಹಸಿರು ದೀಪ ತೋರಿಸಿದರು.

ಪೈಲಟ್ ಸರ್, ಮುಖಕ್ಕೆ ಟವೆಲ್ ಇತ್ತಾ ಅಂತ ನೋಡಿದೆ. ಕತ್ತಲಲ್ಲಿ ಕಾಣಿಸಲಿಲ್ಲ.